ಅಕ್ಕಿಚೀಲದಲ್ಲಿ ಆಲೂಗಡ್ಡೆ

ಭರಣಿ, ಕೃತ್ತಿಕೆಗಳ ಮಳೆ ಬಿದ್ದು ಹಾಸನದ ಸುತ್ತಲಿನ ಕೆಂಪು ನೆಲ ನೇಗಿಲಿಗೆ ಹದವಾಗುವ ಹೊತ್ತಿಗೆ, ಅಲ್ಲಿಯ ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿ ಪಂಜಾಬಿನ ಜಲಂಧರದ ಕಡೆಯಿಂದ ಬಂದ ಬಿತ್ತನೆ ಆಲೂಗಡ್ಡೆಯ ಮೂಟೆಗಳು ಲಾರಿಗಟ್ಟಲೆ ಇಳಿಯುತ್ತವೆ. ಕೊಳ್ಳಲು ಬಂದ ರೈತನು ದರದ ಮಾತಿಗೆ ಮುಂಚೆ ಮೂಟೆಯ ಬಾಯಿ ಬಿಚ್ಚಿಸಿ, ತಳದಿಂದೊಂದು ನಡುವಿನಿಂದೊಂದು ಗೆಡ್ಡೆಯನ್ನು ತೆಗೆದು, ಅಂಗೈಯಲ್ಲಿ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ, ಅದರ ಕಣ್ಣುಗಳು ಎಚ್ಚೆತ್ತಿವೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುತ್ತಾನೆ. ಕೈಗೆ ಗಟ್ಟಿಯಾಗಿ ಸಿಕ್ಕಬೇಕು. ಸಿಪ್ಪೆಯ ಮೇಲೆ ಕಜ್ಜಿಯ ಗುರುತಿರಬಾರದು. ಕಣ್ಣಿನ ಗುಳಿಯಲ್ಲಿ ಮೊಳಕೆಯ ತುದಿ ಇಣುಕುತ್ತಿರಬೇಕು. ಈ ಬೆಳೆಯ ಶಾಸ್ತ್ರದಲ್ಲಿ ಅರ್ಧಭಾಗ ಆ ಒಂದು ನೋಟದಲ್ಲಿಯೇ ಅಡಗಿದೆ. ಪಟ್ಟಣದ ಮನೆಯ ತಾರಸಿಯ ಮೇಲೆ ಖಾಲಿ ಅಕ್ಕಿಚೀಲದಲ್ಲಿ ಒಂದಿಷ್ಟು ಆಲೂಗಡ್ಡೆ ಬೆಳೆಯಬೇಕೆಂದು ಹವಣಿಸುವವರು, ಚೀಲ ಯಾವುದು, ಮಣ್ಣು ಎಷ್ಟು ಎಂಬ ಪ್ರಶ್ನೆಗಳಿಗಿಂತ ಮೊದಲು ಕಲಿಯತಕ್ಕದ್ದು ಈ ನೋಟವನ್ನೇ.

ಚೀಲದಲ್ಲಿ, ಡಬ್ಬದಲ್ಲಿ, ಒಡೆದ ಬಕೆಟ್ಟಿನಲ್ಲಿ ಆಲೂಗಡ್ಡೆ ಬೆಳೆಯುವ ಅಭ್ಯಾಸ ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ಕೈತೋಟಪ್ರಿಯರಲ್ಲಿ ಹಬ್ಬಿದೆ. ಹಬ್ಬಲು ತಕ್ಕ ಅಭ್ಯಾಸವೇ ಹೌದು. ಅಂಗೈಯಗಲದ ಹಿತ್ತಿಲೂ ಇಲ್ಲದ ಮನೆಯವರಿಗೆ, ಮಣ್ಣಿನೊಡನೆ ಸಂಬಂಧ ಕಡಿದುಹೋದ ಮಕ್ಕಳಿಗೆ, ಇಷ್ಟು ಕಡಮೆ ಖರ್ಚಿನಲ್ಲಿ ಇಷ್ಟು ಸಂತೋಷವನ್ನು ಕೊಡುವ ಬೆಳೆ ಮತ್ತೊಂದು ದೊರೆಯುವುದು ಕಷ್ಟ. ಆದರೆ ಈ ಪ್ರಚಾರದ ಜೊತೆಗೆ ಒಂದು ಅತ್ಯುಕ್ತಿಯೂ ಊರೂರು ಸುತ್ತುತ್ತಿದೆ: ಚೀಲವನ್ನು ಎತ್ತರಿಸಿದಷ್ಟೂ, ಗಿಡದ ಸುತ್ತ ಮಣ್ಣನ್ನು ಏರಿಸಿದಷ್ಟೂ, ಅಂತಸ್ತು ಅಂತಸ್ತಾಗಿ ಗೆಡ್ಡೆ ಕಟ್ಟುತ್ತಾ ಹೋಗಿ ಒಂದೇ ಚೀಲದಿಂದ ಹತ್ತಾರು ಕಿಲೋ ಬರುತ್ತದೆಂಬುದು. ಇದನ್ನು ನಂಬಿ ಆಳೆತ್ತರದ ಪೆಟ್ಟಿಗೆಗಳನ್ನು ಕಟ್ಟಿ, ಕೊನೆಗೆ ತಳದಲ್ಲಿ ಹಿಡಿಯಷ್ಟು ಗೆಡ್ಡೆಯನ್ನು ಮಾತ್ರ ಕಂಡು ಕೈತೋಟವನ್ನೇ ಬಿಟ್ಟವರುಂಟು. ಹೀಗೆ ನಿರಾಶರಾದವರನ್ನು ಮತ್ತೆ ಮಣ್ಣಿಗೆ ಕರೆತರಬೇಕೆಂಬುದೇ ಈ ಲೇಖನದ ಉದ್ದೇಶ. ಏಕೆಂದರೆ ದೋಷವಿದ್ದದ್ದು ಅವರ ಕೈಯಲ್ಲಲ್ಲ, ಅವರಿಗೆ ದೊರೆತ ಉಪದೇಶದಲ್ಲಿ. ಫಸಲನ್ನು ನಿರ್ಣಯಿಸುವುದು ಮಣ್ಣಿನ ಎತ್ತರವಲ್ಲ. ಆರೋಗ್ಯವುಳ್ಳ ಬಿತ್ತನೆ, ತಂಪಾದ ರಾತ್ರಿ, ಏರಿಳಿತವಿಲ್ಲದ ತೇವ ಎಂಬ ಈ ಮೂರು.

ಇದೆಲ್ಲವೂ ಒಂದೇ ಮೂಲಸತ್ಯದಿಂದ ಹೊರಡುತ್ತದೆ. ಮಣ್ಣಿನೊಳಗೆ ಬೆಳೆಯುವುದರಿಂದ ಆಲೂಗಡ್ಡೆಯನ್ನು ಬೇರೆಂದು ಭಾವಿಸುವುದು ಸಹಜವಾದರೂ, ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಅದು ಬೇರಲ್ಲ, ಕಾಂಡ. ಗೆಣಸು ಬೇರು; ಕ್ಯಾರೆಟ್ಟು, ಮೂಲಂಗಿಗಳೂ ಬೇರುಗಳೇ; ಆಲೂಗಡ್ಡೆಯಾದರೋ ನೆಲದೊಳಗೆ ಅಡ್ಡವಾಗಿ ಹರಿಯುವ ಒಂದು ಬಿಳಿಯ ಎಳೆಕಾಂಡದ ತುದಿ, ಎಲೆಗಳು ಕಳುಹಿಸಿದ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಹಾಕಿಕೊಳ್ಳುತ್ತ ಉಬ್ಬಿ ರೂಪುಗೊಂಡದ್ದು. ಗೆಡ್ಡೆಯನ್ನು ಹಿಡಿದು ನೋಡಿದರೆ ಇದಕ್ಕೆ ಸಾಕ್ಷ್ಯ ಸಿಕ್ಕುತ್ತದೆ. ಒಂದು ಕೊನೆಯಲ್ಲಿ ಸಣ್ಣ ಕಲೆ: ಅದು ಗೆಡ್ಡೆ ತಾಯಿಗಿಡಕ್ಕೆ ಅಂಟಿಕೊಂಡಿದ್ದ ಸ್ಥಳ. ಇದಿರು ಕೊನೆಯಲ್ಲಿ ಕಣ್ಣುಗಳು ಒತ್ತಾಗಿ ನೆರೆದಿರುತ್ತವೆ: ಅದು ಕಾಂಡದ ಕುಡಿ. ಒಂದೊಂದು ಕಣ್ಣೂ ಒಂದೊಂದು ಗಿಣ್ಣು. ಕಣ್ಣಿನ ಮೇಲಿನ ಹುಬ್ಬಿನಂಥ ಗೆರೆ ಎಲೆ ಹುಟ್ಟಬೇಕಾಗಿದ್ದ ಜಾಗದ ಗುರುತು. ಕಾಂಡವಾದಕಾರಣ ಬೆಳಕು ತಗುಲಿದರೆ ಹಸಿರಾಗುತ್ತದೆ. ಕಾಂಡವಾದಕಾರಣ ತುಂಡರಿಸಿ ನೆಟ್ಟರೂ ಚಿಗುರುತ್ತದೆ. ಕಾಂಡವಾದಕಾರಣವೇ ಸುತ್ತಲೂ ಕತ್ತಲೆ ಕವಿದಿದ್ದರೆ ಮಾತ್ರ ಗೆಡ್ಡೆಯಾಗಿ ಉಳಿಯುತ್ತದೆ. ಕೃಷಿಕನು ಮಾಡುವ ಪ್ರತಿಯೊಂದು ಕೆಲಸಕ್ಕೂ ಇದರಲ್ಲಿ ಕಾರಣವುಂಟು.

ಬಿತ್ತನೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮನೆತೋಟದವರು ಮೊದಲು ಎಡವುವುದು ಇಲ್ಲಿ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳೆತ ಗೆಡ್ಡೆಯನ್ನು ನೆಟ್ಟರೆ ಗಿಡ ಬಂದೇ ಬರುತ್ತದೆ. ಆದರೆ ಆ ಗೆಡ್ಡೆ ಯಾವ ಜಾತಿಯದು, ಎಷ್ಟು ತಲೆಮಾರಿನದು, ಎಷ್ಟು ರೋಗಗಳನ್ನು ಒಡಲಲ್ಲಿಟ್ಟುಕೊಂಡು ಬಂದಿದೆ ಎಂಬುದು ತಿಳಿಯುವಂತಿಲ್ಲ. ಗೆಡ್ಡೆಯಿಂದ ಗೆಡ್ಡೆಯನ್ನು ಬೆಳೆಯುವಾಗ ಬೀಜದಿಂದ ಬೆಳೆದಂತೆ ಹೊಸ ಜೀವಿ ಹುಟ್ಟುವುದಿಲ್ಲ. ಹಳೆಯ ಗಿಡವೇ ಮುಂದುವರಿಯುತ್ತದೆ. ಆದ್ದರಿಂದ ಸಸ್ಯಹೇನುಗಳು ಒಂದು ವರ್ಷ ತಂದು ಚುಚ್ಚಿದ ವೈರಸ್ಸು ಮುಂದಿನ ವರ್ಷದ ಬೆಳೆಗೂ ಅದರ ಮುಂದಿನದಕ್ಕೂ ಸಂಚಯವಾಗುತ್ತ ಹೋಗಿ, ಎಲೆ ಮುದುಡಿ, ಗಿಡ ಕುಳ್ಳಾಗಿ, ಇಳುವರಿ ಕುಗ್ಗುತ್ತದೆ. 1949ರಲ್ಲಿ ಪಾಟ್ನಾದಲ್ಲಿ ಸ್ಥಾಪಿತವಾಗಿ ಅನಂತರ ಸಿಮ್ಲಾಕ್ಕೆ ಸ್ಥಳಾಂತರಗೊಂಡ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಉತ್ತರದ ಬಯಲಿನಲ್ಲಿ ಅಕ್ಟೋಬರಿನಿಂದ ಜನವರಿಯ ಮೊದಲ ಭಾಗದವರೆಗೆ ಈ ಹೇನುಗಳ ಕಾಟ ಅತ್ಯಲ್ಪವೆಂಬುದನ್ನು ಗಮನಿಸಿ, ಆ ಅವಧಿಯೊಳಗೇ ಬಿತ್ತನೆಯನ್ನು ಬೆಳೆದು, ಹೇನು ಹೆಚ್ಚುವುದಕ್ಕೆ ಮುಂಚೆ ಹಸಿರು ಸೊಪ್ಪನ್ನು ಕತ್ತರಿಸಿಬಿಡುವ ಕ್ರಮವನ್ನು ರೂಪಿಸಿದರು. ಹಾಸನದ ರೈತ ಪಂಜಾಬಿನ ಬಿತ್ತನೆಗಾಗಿ ಕಾಯುವುದರ ಹಿಂದೆ ಇರುವುದು ಈ ವಿಜ್ಞಾನ. ಅದು ಬರಿಯ ರೂಢಿಯಲ್ಲ.

ಮನೆಗೆ ಬೇಕಾದ ಒಂದೆರಡು ಕಿಲೋ ಬಿತ್ತನೆಯನ್ನು ಪಡೆಯುವುದು ಅಸಾಧ್ಯವೇನಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಹಿಂಗಾರಿನಲ್ಲಿ ನೀರಾವರಿಯಿಂದ ಆಲೂಗಡ್ಡೆ ಬೆಳೆಯುವವರು ಬಿತ್ತನೆ ಕೊಳ್ಳುವ ಸಮಯಕ್ಕೆ ಸರಿಯಾಗಿ ವಿಚಾರಿಸಿದರೆ ಸಾಕು. ಬಹುಕಾಲದಿಂದ ನಮ್ಮಲ್ಲಿ ರೂಢಿಯಲ್ಲಿರುವುದು ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದ ಈ ತಳಿ ಸುಮಾರು ನೂರು ದಿನದ ಬೆಳೆ. ಈಚೆಗೆ ಕುಫ್ರಿ ಹಿಮಾಲಿನಿಯೂ ಬಳಕೆಗೆ ಬಂದಿದೆ. ಅಂಗಾಂಶ ಕೃಷಿಯಿಂದ ಪಡೆದ ಶುದ್ಧ ಗಿಡಗಳ ಕುಡಿಯನ್ನು ಚಿವುಟಿ, ಬೇರು ಬರಿಸಿ ಸಸಿಯಾಗಿಯೇ ಮಾರುವ ಪದ್ಧತಿಯೂ ಹಾಸನ ಜಿಲ್ಲೆಯಲ್ಲಿ ಬೇರೂರುತ್ತಿದೆ. ಚೀಲದಲ್ಲಿ ಬೆಳೆಯುವವರಿಗೆ ಈ ಕುಡಿಸಸಿಗಳು ದೊರೆತರೆ ಅದಕ್ಕಿಂತ ಉತ್ತಮವಾದದ್ದಿಲ್ಲವೆಂದು ನನ್ನ ಭಾವನೆ. ಯಾವುದೂ ಸಿಕ್ಕದೆ ಅಂಗಡಿಯ ಗೆಡ್ಡೆಯನ್ನೇ ನೆಡಬೇಕಾದರೆ, ಸಿಪ್ಪೆ ಶುಚಿಯಾಗಿರುವ, ಮೊಳಕೆ ಗಿಡ್ಡವಾಗಿಯೂ ದಪ್ಪವಾಗಿಯೂ ಇರುವ ಗೆಡ್ಡೆಯನ್ನು ಆರಿಸಿಕೊಳ್ಳಬೇಕು. ನೂಲಿನಂತೆ ತೆಳ್ಳಗೆ ಉದ್ದವಾಗಿ ಹೊರಟ ಮೊಳಕೆ ದೌರ್ಬಲ್ಯದ ಲಕ್ಷಣ.

ನೆಡುವುದಕ್ಕೆ ಎರಡು ಮೂರು ವಾರ ಮುಂಚಿತವಾಗಿ ಬಿತ್ತನೆಯನ್ನು ಮೊಳೆಯಿಸಬೇಕು. ಬಿಸಿಲು ನೇರವಾಗಿ ಬೀಳದ, ಆದರೆ ಬೆಳಕು ಚೆನ್ನಾಗಿ ಬರುವ ಕೋಣೆಯಲ್ಲಿ, ಮೊಟ್ಟೆ ಬರುವ ಕಾಗದದ ತಟ್ಟೆಯಲ್ಲಿ, ಕಣ್ಣು ನೆರೆದ ಕೊನೆ ಮೇಲ್ಮುಖವಾಗಿರುವಂತೆ ಒಂದೊಂದನ್ನೇ ನಿಲ್ಲಿಸಿಟ್ಟರೆ, ಕೆಲವೇ ದಿನಗಳಲ್ಲಿ ಕಣ್ಣಿನ ಗುಳಿಯಿಂದ ಹಸಿರು, ನೇರಳೆ ಬೆರೆತ ಗಿಡ್ಡ ಮೊಳಕೆಗಳು ಏಳುತ್ತವೆ. ಬುಡದಲ್ಲಿ ಮುಳ್ಳಿನ ಮೊನೆಯಂಥ ಸಣ್ಣ ಗಂಟುಗಳು ಕಾಣಿಸುತ್ತವೆ. ಅವೇ ಮುಂದೆ ಬೇರಾಗತಕ್ಕವು. ಮೊಟ್ಟೆಯ ಗಾತ್ರದ ಗೆಡ್ಡೆಯನ್ನು ಇಡಿಯಾಗಿ ನೆಡುವುದೇ ಲೇಸು. ದೊಡ್ಡದಿದ್ದರೆ ಉದ್ದಕ್ಕೆ, ಅಂದರೆ ಕುಡಿಯ ಕೊನೆಯ ಕಣ್ಣುಗಳು ಎರಡೂ ಹೋಳಿಗೆ ಹಂಚಿಹೋಗುವಂತೆ ಸೀಳಬೇಕು. ಹೋಳು 40 ಗ್ರಾಮಿಗಿಂತ ಕಡಮೆಯಿರದೆ, ಒಂದೊಂದರಲ್ಲೂ ಕನಿಷ್ಠ ಎರಡು ಕಣ್ಣಿರಬೇಕು. ಕತ್ತಿಯನ್ನು ಗೆಡ್ಡೆಯಿಂದ ಗೆಡ್ಡೆಗೆ ಬಿಸಿನೀರಿನಲ್ಲಿ ಅದ್ದಿ ಒರೆಸುವುದನ್ನು ಮರೆಯಬಾರದು, ಏಕೆಂದರೆ ಸೊರಗು ರೋಗದ ಸೂಕ್ಷ್ಮಾಣುಗಳು ಕತ್ತಿಯ ಅಲಗಿನ ಮೇಲೆಯೂ ಪ್ರಯಾಣ ಮಾಡುತ್ತವೆ. ಕೊಯ್ದ ಮುಖವನ್ನು ನೆರಳಿನಲ್ಲಿ ಎರಡು ಮೂರು ದಿನ ಒಣಗಲು ಬಿಟ್ಟರೆ ಅದರ ಮೇಲೆ ತೆಳುವಾದ ಪೊರೆಯೊಂದು ಕಟ್ಟಿ, ಬೆರಳಿಗೆ ಚರ್ಮದಂತೆ ಸೋಕುತ್ತದೆ. ಈ ಪೊರೆ ಕಟ್ಟುವ ಮುನ್ನ ಆತುರಪಟ್ಟು ನೆಟ್ಟ ಹೋಳುಗಳು ಒದ್ದೆ ಮಣ್ಣಿನಲ್ಲಿ ಕೊಳೆಯುವುದೇ ಹೆಚ್ಚು.

ಇನ್ನು ಚೀಲ. ಗಿಡವೊಂದಕ್ಕೆ ಹತ್ತು ಹನ್ನೆರಡು ಲೀಟರು ಮಣ್ಣು ಬೇಕೆಂಬ ಲೆಕ್ಕವನ್ನಿಟ್ಟುಕೊಂಡರೆ ಯಾವ ಪಾತ್ರೆ ಸಾಕು ಯಾವುದು ಸಾಲದೆಂಬುದು ತಾನೇ ತಿಳಿಯುತ್ತದೆ: 20 ಲೀಟರಿನ ಪೇಂಟ್ ಬಕೆಟ್ಟಿಗೆ ಒಂದೇ ಬಿತ್ತನೆ, ಬಹಳವೆಂದರೆ ಎರಡು; ಸಿಮೆಂಟ್ ಚೀಲದಲ್ಲಿ ಎರಡು ಅಥವಾ ಮೂರು. 25 ಕಿಲೋ ಅಕ್ಕಿ ಬರುವ ನೇಯ್ಗೆಯ ಪ್ಲಾಸ್ಟಿಕ್ ಚೀಲ ಹೇಳಿಮಾಡಿಸಿದಂತಿರುವ ಪಾತ್ರೆ. ಬಾಯನ್ನು ಹೊರಕ್ಕೆ ಸುರುಳಿ ಮಡಿಸುತ್ತ ಅರ್ಧಕ್ಕೆ ಇಳಿಸಿ, ತಳದಲ್ಲಿಯೂ ತಳದಿಂದ ಎರಡಂಗುಲ ಮೇಲಿನ ಪಕ್ಕಗಳಲ್ಲಿಯೂ ಕಾದ ಸರಳಿನಿಂದ ಹತ್ತಾರು ರಂಧ್ರ ಮಾಡಿ, ಎರಡು ಇಟ್ಟಿಗೆಯ ಮೇಲೆ ನಿಲ್ಲಿಸಿದರೆ ನೀರು ಸರಾಗವಾಗಿ ಹರಿದುಹೋಗುತ್ತದೆ. ಆದರೆ ಇದಕ್ಕೆ ಒಂದೇ ಬೆಳೆಯ ಆಯುಸ್ಸು. ಬಿಸಿಲಿಗೆ ಜೀರ್ಣವಾಗಿ ಎಳೆ ಎಳೆಯಾಗಿ ಉದುರತೊಡಗಿದ ಚೀಲವನ್ನು ಮರುವರ್ಷಕ್ಕೆ ಉಳಿಸಿಕೊಂಡರೆ ಆ ಎಳೆಗಳೆಲ್ಲ ಮಣ್ಣಿಗೆ ಸೇರುತ್ತವೆ. ಸೆಣಬಿನ ಗೋಣಿಚೀಲ ಕೊಳೆತು ಮಣ್ಣಾಗುವುದರಿಂದ ಆ ಭಯವಿಲ್ಲ. ಅದು ಉಸಿರಾಡುವುದರಿಂದ ಮಣ್ಣೂ ತಂಪು. ನೀರನ್ನು ಮಾತ್ರ ಹೆಚ್ಚಾಗಿ ಬೇಡುತ್ತದೆ. ಸಿಮೆಂಟ್ ಚೀಲವನ್ನು ಒಳಹೊರಗು ತಿರುವಿ ಚೆನ್ನಾಗಿ ತೊಳೆಯಬೇಕು, ಸಿಮೆಂಟಿನ ಕ್ಷಾರ ಈ ಬೆಳೆಗೆ ಆಗದು. ಕೀಟನಾಶಕ ತುಂಬಿದ್ದ ಡಬ್ಬವನ್ನಂತೂ ಎಷ್ಟು ತೊಳೆದರೂ ಬಳಸಕೂಡದು.

ಆಲೂಗಡ್ಡೆಗೆ ಪ್ರಿಯವಾದದ್ದು ಸಡಿಲವಾದ, ಕೊಂಚ ಹುಳಿಯ ಕಡೆಗಿರುವ ಮಣ್ಣು. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಈ ಮೂರನ್ನೂ ಸಮಭಾಗವಾಗಿ ಬೆರೆಸಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ತಿಪಟೂರು, ಅರಸೀಕೆರೆಗಳ ತೆಂಗಿನ ಸೀಮೆಯಿಂದ ನಾರಿನ ಪುಡಿ ಬೇಕಾದಷ್ಟು ಬರುತ್ತದೆ. ಉಪ್ಪಿನಂಶ ಹೋಗುವಂತೆ ಅದನ್ನು ಎರಡು ಮೂರು ನೀರಿನಲ್ಲಿ ತೊಳೆದು ಬಳಸಬೇಕು. ಹಸಿ ಸಗಣಿಯನ್ನು ಹಾಕಲಾಗದು. ಬೂದಿಯನ್ನು ಬುಟ್ಟಿಗಟ್ಟಲೆ ಸುರಿಯುವ ನಮ್ಮ ಹಿಂದಿನವರ ಪದ್ಧತಿಯನ್ನೂ ಇಲ್ಲಿ ಮಿತಿಗೊಳಿಸಬೇಕು, ಏಕೆಂದರೆ ಬೂದಿಯ ಕ್ಷಾರಗುಣ ಹೆಚ್ಚಿದಲ್ಲಿ ಸಿಪ್ಪೆಗೆ ಕಜ್ಜಿ ಹತ್ತುತ್ತದೆ. ಮೇಲೊಂದು ಎಚ್ಚರಿಕೆ: ನೀರುಂಡ ಚೀಲವೊಂದು 30 ಕಿಲೋಗ್ರಾಮಿಗೂ ಮೀರಿ ತೂಗಬಲ್ಲದು. ಹತ್ತಾರು ಚೀಲಗಳನ್ನು ತಾರಸಿಯ ನಟ್ಟನಡುವೆ ಗುಂಪು ಕೂಡಿಸದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಅಂಚಿನಲ್ಲಿ ಸಾಲಾಗಿ ಇರಿಸುವುದು ವಿವೇಕ.

ಚೀಲದ ತಳದಲ್ಲಿ ಐದಾರು ಅಂಗುಲ ಮಣ್ಣು ತುಂಬಿ, ಮೊಳಕೆ ಮೇಲಾಗಿ ಬಿತ್ತನೆಯನ್ನಿಟ್ಟು, ನಾಲ್ಕಂಗುಲ ಮಣ್ಣು ಮುಚ್ಚಿ ನೀರು ಹನಿಸಿದರೆ ಎರಡು ವಾರದಲ್ಲಿ ಗಿಡ ಮೇಲೇಳುತ್ತದೆ. ಅದು ಗೇಣುದ್ದವಾದಾಗ, ತುದಿಯ ಎಲೆಗಳನ್ನು ಬಿಟ್ಟು ಉಳಿದ ಕಾಂಡದ ಸುತ್ತ ಮಣ್ಣನ್ನು ಏರಿಸಬೇಕು. ಮೂರು ವಾರ ಕಳೆದು ಮತ್ತೊಮ್ಮೆ. ಮಣ್ಣು ಏರಿಸುವ ಈ ಕೆಲಸಕ್ಕೆ ಎರಡು ಪ್ರಯೋಜನಗಳುಂಟು. ನೆಲದೊಳಗಿನ ಗಿಣ್ಣುಗಳಿಂದ ಹೊರಟ ಬಿಳಿಯ ಎಳೆಕಾಂಡಕ್ಕೆ ಕತ್ತಲೆಯೂ ತೇವವೂ ಒದಗುತ್ತವೆ. ಬೆಳಕು ಕಂಡರೆ ಅದು ಗೆಡ್ಡೆ ಕಟ್ಟುವುದನ್ನು ಬಿಟ್ಟು ಎಲೆಬಿಟ್ಟ ರೆಂಬೆಯಾಗಿಬಿಡುತ್ತದೆ. ಎರಡನೆಯದಾಗಿ, ಉಬ್ಬುತ್ತಿರುವ ಗೆಡ್ಡೆಗಳ ಬೆನ್ನು ಮಣ್ಣಿನಿಂದ ಹೊರಕ್ಕೆ ಚಾಚಿ ಹಸಿರಾಗುವುದು ತಪ್ಪುತ್ತದೆ. ಹಸಿರು ತನ್ನಷ್ಟಕ್ಕೆ ಅಪಾಯದ್ದಲ್ಲ. ಆದರೆ ಆ ಹಸಿರಿನೊಡನೆಯೇ ಸೊಲನೈನ್ ಮೊದಲಾದ ವಿಷಪದಾರ್ಥಗಳೂ ಸಿಪ್ಪೆಯಲ್ಲಿ ಸೇರುತ್ತವೆ. ಬೇಯಿಸಿದರೂ ಅವು ನಾಶವಾಗುವುದಿಲ್ಲ. ಹಸಿರಾದ ಭಾಗವನ್ನು ದಪ್ಪವಾಗಿ ಕೆತ್ತಿ ತೆಗೆಯಬೇಕು; ಬಾಯಿಗೆ ಕಹಿಯೆನಿಸಿದ ಗೆಡ್ಡೆಯನ್ನು ತಿನ್ನಲೇಬಾರದು. ಹೂವಿನ ಬಳಿಕ ಒಮ್ಮೊಮ್ಮೆ ಮೂಡುವ, ಟೊಮೆಟೊ ಹೀಚನ್ನು ಹೋಲುವ ಹಸಿರು ಕಾಯಿಗಳೂ ವಿಷವೇ. ಮಕ್ಕಳಿರುವ ಮನೆಯಲ್ಲಿ ಅವುಗಳನ್ನು ಕಂಡ ಕೂಡಲೆ ಕಿತ್ತುಹಾಕಬೇಕು.

ಹಾಗಾದರೆ ಮಣ್ಣನ್ನು ಇನ್ನೂ ಏರಿಸುತ್ತಲೇ ಹೋದರೆ ಇನ್ನೂ ಗೆಡ್ಡೆ ಏಕೆ ಬರಬಾರದು? ಗಿಡ ಮೇಲೆದ್ದ ಕೆಲವು ವಾರಗಳಲ್ಲಿಯೇ, ಬಿತ್ತನೆಯ ಸಮೀಪದ ಕೆಳಗಿನ ಗಿಣ್ಣುಗಳಿಂದ ಎಳೆಕಾಂಡಗಳು ಹೊರಟು, ಎಷ್ಟು ಗೆಡ್ಡೆ ಕಟ್ಟಬೇಕೆಂಬುದು ಬಹುಮಟ್ಟಿಗೆ ನಿರ್ಣಯವಾಗಿಬಿಡುತ್ತದೆ. ನಾವು ಬೆಳೆಯುವ ಅಲ್ಪಾವಧಿಯ ತಳಿಗಳಲ್ಲಿ ಆಮೇಲೆ ಹೂತ ಕಾಂಡ ಬೇರು ಬಿಟ್ಟೀತು. ಗೆಡ್ಡೆ ಕಟ್ಟುವುದು ಅತಿ ವಿರಳ. ಅದಕ್ಕೂ ಮಿಗಿಲಾಗಿ, ಗೆಡ್ಡೆಗೆ ಬೇಕಾದ ಪಿಷ್ಟವೆಲ್ಲ ಎಲೆಯಲ್ಲಿ ಸಿದ್ಧವಾಗಬೇಕಾದದ್ದು. ಎಲೆಯನ್ನು ಮತ್ತೆ ಮತ್ತೆ ಹೂಳುತ್ತ ಹೋದರೆ ಕಣಜವನ್ನು ತುಂಬುವ ಕೈಯನ್ನೇ ಕಟ್ಟಿಹಾಕಿದಂತಾಗುತ್ತದೆ. ನಮ್ಮ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 25 ಟನ್, ಅಂದರೆ ಚದರ ಮೀಟರಿಗೆ ಎರಡೂವರೆ ಕಿಲೋ. ಬಾಯಗಲ 40 ಸೆಂಟಿಮೀಟರಿರುವ ಚೀಲ ಆಕ್ರಮಿಸುವ ನೆಲ ಒಂದು ಚದರ ಮೀಟರಿನ ಎಂಟನೆಯ ಒಂದು ಭಾಗ. ಹೊಲದ ಲೆಕ್ಕದಲ್ಲಿ ಅದರ ಪಾಲಿಗೆ ಬರತಕ್ಕದ್ದು ಮುನ್ನೂರು ಗ್ರಾಮಿನಷ್ಟು. ಚೀಲದ ಗಿಡಕ್ಕೆ ಒತ್ತಾದ ನೆರೆಹೊರೆಯಿಲ್ಲದೆ ಎಲೆಗಳು ಚೀಲದಾಚೆಗೂ ಹರಡಿ ಬಿಸಿಲು ಕುಡಿಯುವುದರಿಂದ, ಆರೈಕೆಯೂ ಹೆಚ್ಚು ದೊರೆಯುವುದರಿಂದ, ಒಂದು ಕಿಲೋ ಬಂದರೆ ಅದು ಒಳ್ಳೆಯ ಫಸಲು. ಒಂದೂವರೆ ಕಿಲೋ ಬಂದರೆ ಹೆಮ್ಮೆಪಡತಕ್ಕದ್ದು. ಹತ್ತು ಕಿಲೋ ಎಂಬ ಮಾತಿಗೆ ಸಸ್ಯಧರ್ಮದಲ್ಲಿ ಆಧಾರವಿಲ್ಲ.

ಎರಡನೆಯ ನಿರ್ಣಾಯಕವೆಂದು ಹೇಳಿದ ತಂಪನ್ನು ಕುರಿತು ನಮ್ಮವರು ಯೋಚಿಸುವುದು ಅಪೂರ್ವ. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳು. ಪೆರು, ಬೊಲಿವಿಯಗಳ ನಡುವಣ ಟಿಟಿಕಾಕಾ ಸರೋವರದ ಸುತ್ತಿನ ಎತ್ತರದ ಪ್ರದೇಶದಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಅಲ್ಲಿಯ ಜನ ಅದನ್ನು ಪಳಗಿಸಿದರು. ಹಗಲಿನಲ್ಲಿ ತೀಕ್ಷ್ಣ ಬಿಸಿಲು, ರಾತ್ರಿಯಲ್ಲಿ ಕೊರೆಯುವ ಚಳಿ, ಇದು ಅದು ಹುಟ್ಟಿದ ನಾಡಿನ ಹವೆ. ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿಯೊಳಗಿದ್ದರೆ ಗೆಡ್ಡೆ ಸೊಗಸಾಗಿ ಕಟ್ಟುತ್ತದೆ. ಅದಕ್ಕಿಂತ ಹೆಚ್ಚಿದಂತೆಲ್ಲ, ಹಗಲು ಎಲೆ ಗಳಿಸಿದ್ದನ್ನು ಗಿಡ ರಾತ್ರಿಯ ಉಸಿರಾಟದಲ್ಲಿಯೇ ವ್ಯಯಮಾಡಿಬಿಡುತ್ತದೆ, ಗೆಡ್ಡೆ ಕಟ್ಟೆಂದು ಎಲೆಯಿಂದ ನೆಲದೊಳಗಿನ ಕುಡಿಗೆ ಹೋಗತಕ್ಕ ಸೂಚನೆಯೂ ದುರ್ಬಲವಾಗುತ್ತದೆ. ಮಾರ್ಚಿಯಲ್ಲಿ ನೆಟ್ಟವರ ಚೀಲಗಳಲ್ಲಿ ಸೊಂಟದೆತ್ತರ ಸೊಪ್ಪು ಬೆಳೆದು ಕೆಳಗೆ ಗೋಲಿಯಷ್ಟು ಗೆಡ್ಡೆ ಮಾತ್ರ ಸಿಕ್ಕುವುದು ಇದರಿಂದಲೇ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಗಳ ರಾತ್ರಿ ಸಾಮಾನ್ಯವಾಗಿ 15, 16 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ನೆಟ್ಟು, ಶಿವರಾತ್ರಿಯ ಚಳಿ ಹಿಂದೆಗೆಯುವಷ್ಟರಲ್ಲಿ ಕೀಳುವ ಕ್ರಮವೇ ಪ್ರಶಸ್ತ. ಬೆಳಗಾವಿ, ಧಾರವಾಡಗಳ ಮನೆತೋಟದವರಿಗೂ ಇದೇ ಕಾಲ ಒಪ್ಪುತ್ತದೆ. ಮಂಗಳೂರು, ಉಡುಪಿಗಳ ಕರಾವಳಿಯವರು ಈ ಬೆಳೆಗಾಗಿ ಶ್ರಮಪಡುವುದಕ್ಕಿಂತ, ಅದೇ ಚೀಲದಲ್ಲಿ ಕೆಸುವಿನ ಗೆಡ್ಡೆಯನ್ನೋ ಸುವರ್ಣಗೆಡ್ಡೆಯನ್ನೋ ನೆಟ್ಟು ಸಮೃದ್ಧಿಯನ್ನು ಕಾಣಬಹುದು; ಅವರ ನೆಲ, ನೀರು, ಸೆಕೆ ಎಲ್ಲವೂ ಅವಕ್ಕೆ ಅನುಕೂಲವಾಗಿವೆ.

ತಾರಸಿಯ ಸಿಮೆಂಟು ಹಗಲೆಲ್ಲ ಕಾದು ರಾತ್ರಿಯೂ ಬಿಸಿಯನ್ನು ಬಿಡುತ್ತಿರುವುದರಿಂದ ಚಳಿಗಾಲದಲ್ಲಿಯೂ ಚೀಲದೊಳಗಿನ ಮಣ್ಣು ಹೊಲದ ಮಣ್ಣಿಗಿಂತ ಬಿಸಿಯಾಗಿರುತ್ತದೆಂಬುದನ್ನು ನೆನಪಿಡಬೇಕು. ಇಟ್ಟಿಗೆಯ ಮೇಲೆ ನಿಲ್ಲಿಸುವುದು, ಕಪ್ಪು ಬಣ್ಣದ ಪಾತ್ರೆಯನ್ನು ಬಿಡುವುದು, ಚೀಲಗಳನ್ನು ಒಂದರ ಪಕ್ಕದಲ್ಲೊಂದು ಸೇರಿಸಿ ಪಡುವಣ ಬಿಸಿಲು ತಾಗುವ ಕಡೆಗೆ ಗೋಣಿತಾಟನ್ನು ನೇತುಹಾಕುವುದು, ಮೇಲೆ ಒಣಗಿದ ಎಲೆಯನ್ನೋ ಹುಲ್ಲನ್ನೋ ಹೊದಿಸುವುದು, ಇವು ದುಡ್ಡಿಲ್ಲದ ಉಪಾಯಗಳು, ಫಲವೂ ಪ್ರತ್ಯಕ್ಷ. ನೀರಿನ ವಿಷಯದಲ್ಲಿ ನಿಯಮ ಒಂದೇ: ಬೆರಳನ್ನು ಎರಡು ಗೆಣ್ಣು ಇಳಿಸಿದಾಗ ಮಣ್ಣು ಒಣಗಿದ್ದರೆ ಎರೆಯಬೇಕು, ತಳದಿಂದ ಹನಿ ಇಳಿಯುವಷ್ಟು ಮಾತ್ರ. ನಾಲ್ಕು ದಿನ ಬಾಡಿಸಿ ಐದನೆಯ ದಿನ ಕೊಳವಾಗುವಂತೆ ಸುರಿಯುವವರ ಗೆಡ್ಡೆಗಳು ಬಿರಿಯುತ್ತವೆ, ಗುಬುಟು ಗುಬುಟಾಗಿ ವಿಕಾರಗೊಳ್ಳುತ್ತವೆ, ಕೆಲವುಗಳ ಒಡಲು ಪೊಳ್ಳಾಗುತ್ತದೆ. ಯೂರಿಯವನ್ನು ಉದಾರವಾಗಿ ಹಾಕಿದರೆ ಸೊಪ್ಪಿಗೆ ಸೊಗಸು, ಗೆಡ್ಡೆಗೆ ನಷ್ಟ. ಎರಡು ಸಲ ಮಣ್ಣೇರಿಸುವಾಗ ಬೆರೆಸುವ ಎರೆಗೊಬ್ಬರ ಸಾಕು.

ರೋಗಗಳಲ್ಲಿ ಭಯಂಕರವಾದದ್ದು ಅಂಗಮಾರಿ. ಮೋಡ ಮುಸುಕಿ, ತೇವದ ಗಾಳಿ ಬೀಸುವ ತಂಪು ದಿನಗಳಲ್ಲಿ ಎಲೆಯಂಚಿನಲ್ಲಿ ನೀರು ತೊಯ್ದಂಥ ಕಂದು ಮಚ್ಚೆ ಮೂಡಿ, ಎಲೆಯಡಿಯಲ್ಲಿ ಬಿಳಿಯ ಬೂಷ್ಟು ಕಾಣಿಸಿ, ನಾಲ್ಕಾರು ದಿನಗಳಲ್ಲಿ ಇಡೀ ಹೊಲ ಕಪ್ಪಾಗುತ್ತದೆ. 1845ರಿಂದ ಮುಂದಿನ ವರ್ಷಗಳಲ್ಲಿ ಐರ್ಲೆಂಡಿನ ಬಡವರು ಮುಖ್ಯವಾಗಿ ಲಂಪರ್ ಎಂಬ ಒಂದೇ ತಳಿಯ ಆಲೂಗಡ್ಡೆಯನ್ನು ನಂಬಿ ಬದುಕಿದ್ದಾಗ ಬಂದೆರಗಿದ್ದು ಇದೇ ರೋಗ. ಹತ್ತು ಲಕ್ಷದಷ್ಟು ಜನ ಹಸಿವಿನಿಂದಲೂ ಅದರ ಬೆನ್ನಿಗೇ ಬಂದ ವ್ಯಾಧಿಗಳಿಂದಲೂ ಮಡಿದರು, ಅದಕ್ಕಿಂತ ಹೆಚ್ಚು ಮಂದಿ ಕಡಲು ದಾಟಿ ಪರದೇಶ ಸೇರಿದರು. ನಮ್ಮ ಹಾಸನದಲ್ಲಿಯೂ ಅಂಗಮಾರಿಯ ಹೊಡೆತಕ್ಕೆ ಬೇಸತ್ತು ಎಷ್ಟೋ ರೈತರು ಮೆಕ್ಕೆಜೋಳಕ್ಕೆ, ಶುಂಠಿಗೆ ತಿರುಗಿದ್ದಾರೆ. ಸಾಲ ಮಾಡಿ ತಂದ ಬಿತ್ತನೆ ಕಣ್ಣೆದುರಿಗೇ ಕರಗಿಹೋಗುವುದನ್ನು ನೋಡುವ ಸಂಕಟ ಎಂಥದೆಂಬುದನ್ನು ಊಹಿಸುವುದೂ ಕಷ್ಟ. ಚೀಲದ ಕೃಷಿಗೆ ರೋಗಗಳ ವಿಷಯದಲ್ಲಿ ಒಂದು ದೊಡ್ಡ ಅನುಕೂಲವಿದೆ: ಚೀಲಗಳ ಮಣ್ಣು ಒಂದಕ್ಕೊಂದು ಸೋಕುವುದಿಲ್ಲ. ಸೊರಗಿದ ಅಥವಾ ಮಚ್ಚೆ ಬಿದ್ದ ಗಿಡದ ಚೀಲವನ್ನು ಅಂದೇ ಎತ್ತಿ ದೂರಮಾಡಿದರೆ ಉಳಿದವುಗಳನ್ನು ಕಾಪಾಡಿಕೊಳ್ಳಬಹುದು. ನೀರನ್ನು ಎಲೆಯ ಮೇಲೆ ಚಿಮುಕಿಸದೆ ಬುಡಕ್ಕೆ, ಅದೂ ಬೆಳಗಿನ ಹೊತ್ತು ಎರೆಯುವುದು ಒಳ್ಳೆಯದು. ಸಸ್ಯಹೇನಿಗೆ ಸಾಬೂನಿನ ನೀರಿನಲ್ಲಿ ಬೆರೆಸಿದ ಬೇವಿನೆಣ್ಣೆ. ಹೆಗ್ಗಣಕ್ಕೆ ಮಾತ್ರ ಗಟ್ಟಿಯಾದ ಬಕೆಟ್ಟೇ ಗತಿ.

ತೊಂಬತ್ತು ದಿನ ಕಳೆಯುವಾಗ ಎಲೆ ಹಳದಿಯಾಗಿ ಗಿಡ ಒರಗುತ್ತದೆ. ಆಗ ನೀರನ್ನು ನಿಲ್ಲಿಸಿ, ಹತ್ತು ದಿನ ಬಿಟ್ಟು, ಸೊಪ್ಪನ್ನು ಕೊಯ್ದು ಹಾಕಿ, ಹಳೆಯ ಟಾರ್ಪಾಲಿನ ಮೇಲೆ ಚೀಲವನ್ನು ನಿಧಾನವಾಗಿ ಮಗುಚಬೇಕು. ಗುದ್ದಲಿಯ ಏಟು ಬೀಳದ ಕೊಯಿಲು ಇದು. ಅದಕ್ಕಾಗಿಯೇ ಮಕ್ಕಳನ್ನು ಕೂಡಿಸಿಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಣ್ಣಿನ ಮುದ್ದೆ ಬಿರಿದಾಗ ಮೊದಲು ಕಾಣುವುದು ಸುಕ್ಕುಗಟ್ಟಿ ಟೊಳ್ಳಾದ ಹಳೆಯ ಬಿತ್ತನೆ. ಅದರ ಮೇಲಿನ ಕಾಂಡದಿಂದ ನಾಲ್ಕು ದಿಕ್ಕಿಗೂ ಹರಿದ ಒಣ ಎಳೆಗಳು. ಒಂದೊಂದು ಎಳೆಯ ಕೊನೆಯಲ್ಲಿ ಒಂದೊಂದು ಗೆಡ್ಡೆ, ಕೆಲವು ಮುಷ್ಟಿಯಷ್ಟು, ಕೆಲವು ಲಿಂಬೆಯಷ್ಟು, ಕೆಲವು ಬಟಾಣಿಯಷ್ಟೇ. ಕಾಂಡ, ಗಿಣ್ಣು, ಕುಡಿ ಎಂಬ ಪಾಠವನ್ನು ಶಾಲೆಯ ಹಲಗೆಯ ಮೇಲೆ ಬರೆದು ಕಲಿಸುವುದಕ್ಕಿಂತ ಹೀಗೆ ಎಳೆಯನ್ನು ಬೆರಳಿನಲ್ಲಿ ಹಿಡಿಸಿ ಕಲಿಸಿದರೆ ಮಗು ಜನ್ಮಪೂರ್ತಿ ಮರೆಯಲಾರದು.

ಆಗತಾನೆ ಕಿತ್ತ ಗೆಡ್ಡೆಯ ಸಿಪ್ಪೆ ಹೆಬ್ಬೆರಳಿನಿಂದ ತಿಕ್ಕಿದರೆ ಸುಲಿಯುವಷ್ಟು ತೆಳುವಾಗಿರುತ್ತದೆ. ಅಂದಿನ ಅಡುಗೆಗೆ ಬೇಕಾದಷ್ಟನ್ನು ಎತ್ತಿಕೊಂಡು, ಸಣ್ಣವನ್ನು ಇಡಿಯಾಗಿಯೇ ಬೇಯಿಸಿ ಸಾಸಿವೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ ಕೊಟ್ಟರೆ, ತಿಂಗಳುಗಟ್ಟಲೆ ಶೈತ್ಯಾಗಾರದಲ್ಲಿದ್ದು ಬಂದ ಗೆಡ್ಡೆಗೂ ಇದಕ್ಕೂ ಇರುವ ರುಚಿಯ ಅಂತರ ಮೊದಲ ತುತ್ತಿನಲ್ಲಿಯೇ ತಿಳಿಯುತ್ತದೆ. ಉಳಿದವನ್ನು ತೊಳೆಯದೆ, ಮಣ್ಣು ಕೊಡವಿ, ಗಾಳಿಯಾಡುವ ಕತ್ತಲೆಯ ಮೂಲೆಯಲ್ಲಿ ಹತ್ತು ಹದಿನೈದು ದಿನ ಹರಡಿದರೆ ಸಿಪ್ಪೆ ಬಲಿತು ಬಾಳಿಕೆ ಬರುತ್ತದೆ. ರೆಫ್ರಿಜರೇಟರಿನ ಚಳಿಯಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ ಸಿಹಿಯಾಗುತ್ತದೆ. ಕರಿದಾಗ ಬೇಗನೆ ಕಪ್ಪಾಗುತ್ತದೆ. ಇವುಗಳಲ್ಲಿಯೇ ಕೆಲವನ್ನು ಮುಂದಿನ ವರ್ಷದ ಬಿತ್ತನೆಗೆ ಇಡಬಹುದೇ ಎಂದು ಅನೇಕರು ಕೇಳುತ್ತಾರೆ. ಗಿಡ ಕೊನೆಯವರೆಗೂ ಆರೋಗ್ಯವಾಗಿದ್ದ ಚೀಲದ್ದಾದರೆ ಒಂದು ಸಲ ಇಡಬಹುದು. ಅದರ ಮುಂದಿನ ವರ್ಷ ಹೊಸ ಬಿತ್ತನೆಯನ್ನು ತರುವುದೇ ಕ್ಷೇಮ.

ಟಾರ್ಪಾಲಿನ ಮೇಲೆ ಉಳಿದ ಮಣ್ಣನ್ನು ಎಸೆಯಕೂಡದು. ಅದರಲ್ಲಿ ಮತ್ತೆ ಆಲೂಗಡ್ಡೆಯನ್ನಾಗಲಿ, ಅದರ ಬಳಗಕ್ಕೇ ಸೇರಿದ ಟೊಮೆಟೊ, ಬದನೆ, ಮೆಣಸಿನಕಾಯಿಗಳನ್ನಾಗಲಿ ಕೂಡಲೆ ನೆಡದೆ, ಹುಳು ಹಿಡಿದ ಚೂರುಗಳನ್ನು ಆಯ್ದು ತೆಗೆದು, ಒಂದು ವಾರ ಬಿಸಿಲಿಗೆ ಹರಡಿ, ಒಂದಿಷ್ಟು ಗೊಬ್ಬರ ಕೂಡಿಸಿ, ಹುರುಳಿಕಾಯಿಯನ್ನೋ ಅಲಸಂದೆಯನ್ನೋ ಮೆಂತ್ಯವನ್ನೋ ಬಿತ್ತಿದರೆ, ಬೇಸಗೆಯ ಮೊದಲ ಮಳೆಯ ಹೊತ್ತಿಗೆ ಅದೇ ಮಣ್ಣಿನಿಂದ ಮತ್ತೊಂದು ಪಲ್ಯ ಒದಗುತ್ತದೆ.